ಮುಸುಕಮ್ಮನ ಸನ್ನೆ

ವಿಶ್ವವಿದ್ಯಾಲಯದ ಗ್ರಂಥಾಲಯದ ಕಮಾನಿನಡಿ ಹೆಜ್ಜೇನಿನ ದೊಡ್ಡ ಹುಟ್ಟೊಂದು ತೂಗುತ್ತಿತ್ತು. ಜೇನುಗಳನ್ನು ಹಿಡಿದು ತಿನ್ನುವ ಕಡಜವನ್ನು ಕಂಡರೆ ಮೈ ಕೊಡವಿ ಎಚ್ಚರಿಸುವುದು ಅಲ್ಲಿನ ಪ್ರತಿ ಜೇನಿನ ಹಕ್ಕು. ಪಕ್ಕದವಳು ಕೊಡವಿದರೆ ತಾನೂ ಕೊಡವುವುದು ಕರ್ತವ್ಯ.

ಮೊನ್ನೆಮೊನ್ನೆ ರೆಕ್ಕೆ ಬಲಿತ ಕೆಂಚಿಗೆ ಇದು ಸಪ್ಪೆಯೆನಿಸಿತು. ಕೆಳಗಿನ ವಿದ್ಯಾರ್ಥಿಗಳು ಗುಟ್ಟಾಗಿ ಸಂಘ ಕಟ್ಟುವುದನ್ನು ನೋಡಿ ಮುಸುಕಮ್ಮನೆಂಬ ಜೇನು ಹುಟ್ಟಿನ ಮೂಲೆಯಲ್ಲೊಂದು ಗುಪ್ತ ಕೂಟ ಕಟ್ಟಿದ್ದಳು. ಕೆಂಚಿ ಅದನ್ನು ಸೇರಿ, ಕೂಟದ ಒಡತಿ ಮುಸುಕಮ್ಮನ ಸನ್ನೆಯಿಲ್ಲದೆ ಮೈ ಕೊಡವೆನೆಂದು ಮೇಣ ಮುಟ್ಟಿ ಆಣೆಯಿಟ್ಟಳು.

"ನೀನಿನ್ನು ಮಂದೆಯ ಕುರಿಯಲ್ಲ, ತಂಗಿ," ಎಂದಳು ಮುಸುಕಮ್ಮ. ಕೆಂಚಿ ಎದೆಯುಬ್ಬಿಸಿಕೊಂಡು ತಿರುಗಿದಳು.

ಮಧ್ಯಾಹ್ನ ಕಡಜ ಬಂತು. ಮೊದಲು ಕಂಡವಳು ಕೆಂಚಿಯೇ.

"ಅಕ್ಕಾ, ಸನ್ನೆ ಮಾಡು."

"ತೆಪ್ಪಗಿರು. ನಮ್ಮ ಮೂಲೆಗೆ ಅದು ಬರುವುದಿಲ್ಲ."

"ಅದರ ಕಣ್ಣು ದ್ಯಾವಜ್ಜಿಯ ಮೇಲಿದೆ. ನನಗೆ ಹಾರಲು ಕಲಿಸಿದವಳು ಅವಳು."

"ನಿನ್ನ ಅಜ್ಜಿ ಕೂಟದವಳೇನೇ?"

ಕೆಂಚಿ ಆಣೆಯನ್ನು ಅತ್ತ ತಳ್ಳಿ ಮೈ ಕೊಡವಿದಳು. ಪಕ್ಕದವಳು ಕೊಡವಿದಳು, ಅವಳ ಪಕ್ಕದವಳೂ ಕೊಡವಿದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಡೀ ಹುಟ್ಟು ಗಾಳಿಗೆದ್ದ ಕೆರೆಯಂತೆ ಅಲೆಯಲೆಯಾಗಿ ಮಿಂಚಿತು. ಕಡಜ ಬೆದರಿ ಹಿಂದೆ ಸರಿಯಿತು. ತನ್ನ ಇಷ್ಟು ಪುಟ್ಟ ಮೈಯಿಂದ ಅಷ್ಟು ದೊಡ್ಡ ಅಲೆ ಎದ್ದಿತೇ ಎಂದು ಕೆಂಚಿ ಜಂಬವನ್ನೂ ಮರೆತು ಬೆರಗಾದಳು.

"ಯಾರ ಅಪ್ಪಣೆಯಿಂದ ಕೊಡವಿದೆ?" ಎಂದು ಮುಸುಕಮ್ಮ ಗದರಿದಳು.

ಅಷ್ಟರಲ್ಲಿ ಸುತ್ತು ಹಾಕಿ ಬಂದ ಕಡಜ ಮುಸುಕಮ್ಮನ ಬೆನ್ನ ಹಿಂದೆಯೇ ಇಳಿಯಿತು. ಆಚೆ ತುದಿಯಿಂದ ಅದನ್ನು ಕಂಡ ದ್ಯಾವಜ್ಜಿ ಮೈ ಕೊಡವಿದಳು. ಆ ಅಲೆ ಓಡೋಡಿ ಬಂದು ತಾಗಿದಾಗ, ಯಾರ ಸನ್ನೆಯನ್ನೂ ಕಾಯದೆ, ಮುಸುಕಮ್ಮನೂ ಕೊಡವಿದ್ದಳು.