ಸಿಂಗಣಯ್ಯನ ಫುಲ್ ಸ್ಟ್ಯಾಕ್ ಬಿರುದು

ಹೊನ್ನಗಟ್ಟಿಯ ಅರಸ ವಜ್ರಕೇತು ತುಂಬಿದ ಸಭೆಯಲ್ಲಿ ಮೀಸೆ ತಿರುವಿ ಹೇಳಿದ: "ಅಕ್ಕಪಕ್ಕದ ರಾಜರು ಒಂದು ಆ್ಯಪಿಗೆ ಹತ್ತಾರು ಜನರನ್ನು ಇಟ್ಟುಕೊಂಡಿದ್ದಾರೆ. ನನಗೆ ಒಬ್ಬನೇ ಸಾಕು. ನಮ್ಮ ಸಿಂಗಣಯ್ಯ ಫುಲ್ ಸ್ಟ್ಯಾಕ್ ಡೆವಲಪರ್! ಕಣ್ಣಿಗೆ ಕಾಣುವ ಪರದೆಯಿಂದ ಹಿಡಿದು ಒಳಗಿನ ಯಂತ್ರದವರೆಗೆ ಎಲ್ಲ ಬಲ್ಲವನು. ಮಿಕ್ಕವರು ನಾಳೆಯಿಂದ ಬರಬೇಕಾಗಿಲ್ಲ."

ಆ ಕಾಲದಲ್ಲಿ ಕಂಪ್ಯೂಟರ್ ಎಲ್ಲಿತ್ತು ಎಂದು ಕೇಳಬೇಡಿ. ಕತೆಗೆ ಬೇಕಾಗಿತ್ತು, ಇತ್ತು.

ಸಿಂಗಣಯ್ಯನಿಗೆ ನಿಜ ಗೊತ್ತಿತ್ತು. ಪ್ರಜೆಗಳು ಅಹವಾಲು ಹೇಳಿಕೊಳ್ಳುವ ಆ್ಯಪನ್ನು ಮಾಡಿದವರು ಮೂವರು. ಪರದೆಯ ಅಂದಚಂದ ಚೆಲುವಮ್ಮನದು, ತಪ್ಪು ಹುಡುಕುವ ಕೆಲಸ ಓಬಯ್ಯನದು, ಒಳಗಿನ ಯಂತ್ರವಷ್ಟೇ ತನ್ನದು. ಆದರೆ ಆ ಭಾರಿ ಬಿರುದನ್ನು ಕೇಳಿ ಹಾಕಿಸಿಕೊಂಡವನು ತಾನೇ. ಮದುವೆಮನೆಗಳಲ್ಲಿ ಹೇಳಿಕೊಳ್ಳಲು ಚೆನ್ನಾಗಿತ್ತು.

ಅಂದಿನಿಂದ ಅವನಿಗೆ ಊಟಕ್ಕೂ ಪುರುಸೊತ್ತಿಲ್ಲ, ಭಾನುವಾರದ ರಜೆಯೂ ಇಲ್ಲ. ಅವನು ಆರಿಸಿದ ಬಣ್ಣ ಕಂಡು ಪ್ರಜೆಗಳು ಕಣ್ಣು ಮುಚ್ಚಿಕೊಂಡರು. ತನ್ನ ತಪ್ಪನ್ನು ತಾನೇ ಹುಡುಕಲು ಕೂತರೆ ಒಂದೂ ಸಿಗುತ್ತಿರಲಿಲ್ಲ; ಎಷ್ಟು ಚೆನ್ನಾಗಿ ಬರೆದಿದ್ದೇನೆ ಎಂದು ಅವನಿಗೇ ಹೆಮ್ಮೆಯಾಗುತ್ತಿತ್ತು. ಕಡೆಗೆ ರಾಣಿಯವರು ತಮ್ಮ ವೀಣೆಯನ್ನೂ ಕಳಿಸಿದರು.

"ಇದರಲ್ಲೂ ತಂತಿ ಇದೆಯಂತಲ್ಲ, ನೋಡಿಕೊಡಬೇಕಂತೆ," ಎಂದಳು ದಾಸಿ.

ಸಿಂಗಣಯ್ಯ ವೀಣೆಯನ್ನು ತಿರುಗಿಸಿ ಸ್ವಿಚ್ ಎಲ್ಲಿದೆ ಎಂದು ಹುಡುಕಿದ. ಆಮೇಲೆ ತನ್ನ ಗತಿ ನೆನೆದು ಅವನಿಗೆ ಅಳು ಬಂತು. ಅತ್ತ ಕೆಲಸ ಹೋದ ಇಬ್ಬರ ಮುಖ ನೋಡುವ ಧೈರ್ಯವೂ ಅವನಿಗಿರಲಿಲ್ಲ.

ಮರುದಿನ ಬೆಳಿಗ್ಗೆ ಪರದೇಶದ ದೂತರು ಹೊರಗೆ ಕಾಯುತ್ತಿದ್ದರು. ಒಳಗೆ ಕ್ಷೌರಿಕ ದಾಸಪ್ಪ ರಾಜನ ಬಲಗೆನ್ನೆ ಮುಗಿಸಿದ್ದ. ಅಷ್ಟರಲ್ಲಿ ಸಿಂಗಣಯ್ಯ ಬಂದು, "ದಾಸಪ್ಪ, ಸಾಕು. ನೀನಿನ್ನು ಮನೆಗೆ ಹೋಗು," ಎಂದ. ಮೊದಲೇ ಮಾತಾಗಿತ್ತು, ದಾಸಪ್ಪ ಕತ್ತಿ ಇಟ್ಟು ಹೊರಟೇಬಿಟ್ಟ.

"ಏಯ್, ಎಡಗೆನ್ನೆ?" ರಾಜ ಕಿರುಚಿದ.

"ಅದನ್ನು ತಾವೇ ಮಾಡಿಕೊಳ್ಳಬೇಕು ಪ್ರಭು. ಹೊಗಳುಭಟರು ದಿನಾ ತಮ್ಮನ್ನು ಸಕಲಕಲಾವಲ್ಲಭ ಎಂದು ಸಾರುತ್ತಾರಲ್ಲ. ಕ್ಷೌರವೂ ಒಂದು ಕಲೆಯೇ."

"ಅಯ್ಯೋ ಮಂಕೇ, ಅದು ಬಿರುದು! ಎಲ್ಲ ಕಲೆಗಳ ಹದ ನನಗೆ ಗೊತ್ತು, ಯಾರ ಜೊತೆ ಬೇಕಾದರೂ ಅವರ ಕೆಲಸದ ಬಗ್ಗೆ ಮಾತಾಡಬಲ್ಲೆ ಅಂತ ಅರ್ಥ. ಎಲ್ಲರ ಕೆಲಸವನ್ನೂ ನಾನೊಬ್ಬನೇ ಮಾಡ್ತೀನಿ ಅಂತಲ್ಲ!"

"ನನ್ನ ಬಿರುದಿನ ಅರ್ಥವೂ ಅಷ್ಟೇ ಪ್ರಭು. ಹೇಳಲು ನನಗೆ ಬಾಯಿ ಬರಲಿಲ್ಲ, ತಾವೇ ಹೇಳಿಬಿಟ್ಟಿರಿ."

ರಾಜ ಕನ್ನಡಿಯಲ್ಲಿ ತನ್ನ ಅರ್ಧ ಗಡ್ಡ ನೋಡಿಕೊಂಡು ಗಹಗಹಿಸಿ ನಕ್ಕ. "ಚೆಲುವಮ್ಮ, ಓಬಯ್ಯ ಇಬ್ಬರನ್ನೂ ಕರೆಸು. ಅದಕ್ಕೂ ಮೊದಲು ದಾಸಪ್ಪನನ್ನು ಕರೆಸು! ಈ ಜಾಣತನಕ್ಕೆ ನಿನಗೆ ಇನ್ನೂ ದೊಡ್ಡ ಬಿರುದು ಕೊಡುತ್ತೇನೆ. ಯಾವುದು ಬೇಕು, ಕೇಳು."

ಸಿಂಗಣಯ್ಯ ಎರಡೂ ಕೈ ಜೋಡಿಸಿದ.

"ಬಿರುದು ಬೇಡ ಪ್ರಭು, ಭಾನುವಾರ ಕೊಡಿ."