ಹಿಮ ಸದ್ದಿಲ್ಲದೆ ಬೀಳುವುದೇಕೆ

ಲೋಕ ಇನ್ನೂ ಹೊಸತು, ಬೆಟ್ಟಗಳ ಮೈ ಇನ್ನೂ ಹಸಿ. ಆ ಕಾಲದಲ್ಲಿ ಹಿಮಕ್ಕೂ ದನಿಯಿತ್ತು ಮಗು. ಅಂಥಿಂಥ ದನಿಯಲ್ಲ, ಕಿವಿ ಗಡಚಿಕ್ಕುವಂಥದ್ದು! "ಬಂದೆ, ಬಂದೆ, ಒಳಗೆ ಹೋಗಿ" ಎಂದು ಕೂಗುತ್ತಲೇ ಬೀಳುತ್ತಿತ್ತು. ಕೂಗು ಕೇಳಿದ್ದೇ ತಡ, ದಾರಿಹೋಕರು ಗುಹೆ ಸೇರುತ್ತಿದ್ದರು.

ಜಪಾನಿನ ಒಂದು ಬೆಟ್ಟದಲ್ಲಿ ರೋಸುಯಿ ಎಂಬ ಮುದಿ ಕವಿಯಿದ್ದ. ಅವನು ಕಟ್ಟುತ್ತಿದ್ದದ್ದು ಹಾಯ್ಕು. ಹಾಯ್ಕು ಅಂದರೆ ಹದಿನೇಳೇ ಅಕ್ಷರದ ಪದ್ಯ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅವನಿಗೆ ಇಬ್ಬರು ಶಿಷ್ಯರು: ಓಸೆನ್ ಎಂಬ ಹೆಂಗಸು, ಅವಳ ತಮ್ಮ ಗೊಂಜಿರೊ. ಅವರ ಪದ್ಧತಿ ಏನು ಗೊತ್ತೇ? ಸಾಯುವಾಗ ಗುರು ಕೊನೆಯದೊಂದು ಪದ್ಯ ಹೇಳಬೇಕು, ಶಿಷ್ಯರು ಅದನ್ನು ಬರೆದುಕೊಳ್ಳಬೇಕು.

ರೋಸುಯಿ ಹಾಸಿಗೆ ಹಿಡಿದ. ಗೊಂಜಿರೊ ಮದ್ದು ತರಲು ಕಣಿವೆಗೆ ಇಳಿದ. ಓಸೆನ್ ದೀಪದ ಮುಂದೆ ಕುಂಚ ಹಿಡಿದು ಕೂತಳು. ಸಂಜೆಯಾಗುತ್ತಲೇ ಹಿಮ ಕೂಗುತ್ತ ಬಂತು. ಗುರುವಿನ ತುಟಿ ಅಲ್ಲಾಡುತ್ತಿದೆ, ಮಾತೇ ಕೇಳಿಸುತ್ತಿಲ್ಲ!

ಓಸೆನ್ ಬಾಗಿಲಿಗೆ ಓಡಿ ಗದರಿದಳು. "ಬಾಯ್ಮುಚ್ಚು ಹಿಮವೇ!"

"ನಿನ್ನ ತಮ್ಮ ದಾರಿಯಲ್ಲಿದ್ದಾನೆ ಕಣೇ," ಎಂದಿತು ಹಿಮ. "ನನ್ನ ಕೂಗು ಕೇಳಿ ಗುಹೆಯಲ್ಲಿ ಕೂತಿದ್ದಾನೆ."

"ಹದಿನೇಳು ಅಕ್ಷರ ಕೇಳುವಷ್ಟು ಹೊತ್ತು, ಅಷ್ಟೇ. ನಿನ್ನ ಕಾಲಿಗೆ ಬೀಳ್ತೀನಿ."

ಹಿಮಕ್ಕೆ ಅಯ್ಯೋ ಪಾಪ ಅನ್ನಿಸಿತು. ದನಿ ನುಂಗಿಕೊಂಡಿತು.

ಗುರು ಕಣ್ಣು ತೆರೆದ. "ಗೊಂಜಿರೊ ಬಂದನೇ? ದೀಪ ಹೊರಗಿಡು."

ಓಸೆನ್ ಬೆರಳು ಮಡಿಸಿ ಎಣಿಸಿದಳು. ಹನ್ನೆರಡು! "ಇನ್ನೂ ಐದು ಬರಬೇಕು ಗುರುಗಳೇ," ಎಂದಳು. ದೀಪ ಹೊರಗಿಟ್ಟರೆ ಬರೆಯುವುದು ಹೇಗೆ? ಹಾಗೇ ಕಾದು ಕೂತಳು. ಅಯ್ಯೋ ಹುಚ್ಚಿ, ಅದು ಪದ್ಯವಲ್ಲ ಕಣೇ, ಮಾತು! ನನಗೆ ಈಗಲೂ ಅವಳ ಮೇಲೆ ಸಿಟ್ಟು ಬರುತ್ತೆ. ಆ ಐದು ಅಕ್ಷರ ಬರಲೇ ಇಲ್ಲ, ಗುರುವಿನ ಉಸಿರು ನಿಂತೇಹೋಯಿತು.

ಅತ್ತ ಕೂಗು ನಿಂತದ್ದಕ್ಕೆ ಗೊಂಜಿರೊ ಹಿಮವೇ ನಿಂತಿತು ಅಂದುಕೊಂಡ. ಕತ್ತಲಲ್ಲೇ ಗುಹೆ ಬಿಟ್ಟು ಹೊರಟ. ದೀಪವೂ ಕಾಣದೆ ಮನೆಯ ಸುತ್ತಲೇ ಸುತ್ತಿದ.

ಬೆಳಗ್ಗೆ ಓಸೆನ್ ನೋಡಿದಾಗ ಹತ್ತೇ ಹೆಜ್ಜೆ ಆಚೆ, ಮದ್ದಿನ ಗಂಟನ್ನು ಎದೆಗೆ ಅವಚಿಕೊಂಡು, ಮರಗಟ್ಟಿ ಬಿದ್ದಿದ್ದ.

"ನಾನೇ ಕೊಂದೆ!" ಎಂದು ಎದೆ ಬಡಿದುಕೊಂಡಳು. "ಹಿಮವೇ, ಈಗಲಾದರೂ ಕೂಗು, ಇನ್ನೊಬ್ಬರ ತಮ್ಮನಾದರೂ ಉಳಿಯಲಿ!"

ಹಿಮ ಬಾಯಿ ತೆರೆಯಿತು. ನುಂಗಿದ ದನಿ ಮೇಲೆ ಬರಲಿಲ್ಲ.

ಮಳೆ ಸೂರಿನ ಮೇಲೆ ಸದ್ದು ಮಾಡುತ್ತೆ, ಆಲಿಕಲ್ಲು ಬಾಗಿಲು ಬಡಿಯುತ್ತೆ. ಹಿಮ ಮಾತ್ರ ಇವತ್ತಿಗೂ ಸದ್ದಿಲ್ಲದೆ ಬೀಳುತ್ತೆ, ಅದು ಬಂದದ್ದು ಬೆಟ್ಟದವರಿಗೆ ತಿಳಿಯುವುದು ಬೆಳಗ್ಗೆ ಬಾಗಿಲು ತೆರೆದಾಗಲೇ.