ಎರೆಯವ್ವ ನೀರನ್ನು ತಡೆದ ದಿನ

ನೆಲದ ಮೇಲೆ ಇನ್ನೂ ಒಂದು ಹೆಜ್ಜೆಗುರುತೂ ಮೂಡಿರದ ಕಾಲವದು, ಕೇಳು ಮೊಮ್ಮಗಳೇ. ಕಪ್ಪು ಮಣ್ಣಿಗೆ ಆಗ ಎರೆಯವ್ವ ಎಂದು ಹೆಸರು. ಅವಳಿಗೆ ಒಬ್ಬಳೇ ಮಗಳು, ಗರಿಕೆ. ಬೆರಳುದ್ದದ ಹಸಿರು ಹುಡುಗಿ.

ಒಂದು ದಿನ ನೀರವ್ವ ಬೆಟ್ಟದಿಂದ ಇಳಿದು ಬಂದಳು. ತಲೆಯ ಮೇಲೆ ಸವಳುಪ್ಪಿನ ಬುಟ್ಟಿ. ಬಂಡೆಗಳು ಕೊಟ್ಟ ಆ ಬಿಳಿ ಉಪ್ಪನ್ನು ಕಡಲಿಗೆ ಮುಟ್ಟಿಸುವುದು ಅವಳ ಕೆಲಸ.

ಗರಿಕೆ ಕುಡಿದಳು, ನಕ್ಕಳು. ನೀರವ್ವ ಹೊರಟು ನಿಂತಳು.

“ಈಗರ ಬಂದಿ, ಇಷ್ಟರಾಗ ಹೊಂಟ್ಯಾ? ಇವತ್ತೊಂದಿನ ಇರು, ಯಕ್ಕಾ,” ಎಂದಳು ಎರೆಯವ್ವ.

ನಮ್ಮ ಕಡೆಯವರ ಚಟ ಗೊತ್ತಲ್ಲ, ಬೀಗರು ಚಪ್ಪಲಿ ಮೆಟ್ಟಿದ ಮೇಲೂ ಅವರ ಚೀಲ ಕಸಿದು ಒಳಗಿಡುತ್ತೇವೆ. ಅದನ್ನು ಕಲಿಸಿದವಳೇ ಎರೆಯವ್ವ. ನೀರವ್ವನ ಬುಟ್ಟಿ ಇಳಿಸಿ ಬಚ್ಚಿಟ್ಟಳು.

“ತಂಗೀ, ಬುಟ್ಟಿ ಕೊಡು. ನಾ ನಿಂತ್ರ ನಿನ್ನ ಕೂಸಿಗೆ ಚಲೋ ಅಲ್ಲ.”

“ನಾಳಿ ಹೋಗೀಯಂತ.”

ಮರುದಿನವೂ ನಾಳೆ ಎಂದಳು. ಅದರ ಮರುದಿನವೂ ನಾಳೆ. ಗಾಳಿ ಬಂದು, “ನಾ ಒಳಗ ಹೋಗಾಕ ಒಂದು ಸಣ್ಣ ದಾರಿ ಬಿಡು ಎರೆಯವ್ವಾ,” ಎಂದು ಬೇಡಿಕೊಂಡಿತು. ಅವಳು ಹಿಡಿತ ಇನ್ನೂ ಬಿಗಿ ಮಾಡಿದಳು.

“ಯವ್ವಾ, ಉಸಿರಾಡಾಕ ಆಗವಲ್ದು,” ಎಂದಳು ಗರಿಕೆ.

ಮಗಳಿಗೆ ಬಾಯಾರಿದೆ ಎಂದುಕೊಂಡ ಎರೆಯವ್ವ ನೀರವ್ವನನ್ನು ಮತ್ತಷ್ಟು ಅವುಚಿಕೊಂಡಳು. ಎಂಥ ಪೆದ್ದು ಪ್ರೀತಿ! ನೆನೆದರೆ ನನಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ಕೊನೆಗೆ ಸೂರ್ಯನಿಗೆ ನೋಡಲಾಗಲಿಲ್ಲ. ನೀರವ್ವನನ್ನು ಮೇಲಿನಿಂದಲೇ ಎಳೆದುಕೊಂಡು ಹೋದ. ಬುಟ್ಟಿ ಮಾತ್ರ ಇಲ್ಲೇ ಉಳಿಯಿತು. ಉಪ್ಪೆಲ್ಲ ಚೆಲ್ಲಿ ಗರಿಕೆಯ ಬೇರನ್ನು ಸುಟ್ಟಿತು. ಹುಡುಗಿ ಹಳದಿಯಾದಳು, ಆಮೇಲೆ ಒಣಗಿದಳು.

ಎರೆಯವ್ವ ಮಗಳನ್ನು ಕೂಗಿದಳು. ಕೂಗಿ ಕೂಗಿ ಮೈಯೆಲ್ಲ ಸೀಳಿತು.

ಮುಂದಿನ ವರ್ಷ ನೀರವ್ವ ಮತ್ತೆ ಬಂದಳು, ಹೊಸ ಬುಟ್ಟಿ ಹೊತ್ತುಕೊಂಡು. ಎರೆಯವ್ವ ಬುದ್ಧಿ ಕಲಿತಿರಬೇಕು ಅನ್ನುತ್ತೀಯಾ? ಇಲ್ಲ. ಈಗ ಅವಳು ಒಬ್ಬಂಟಿ. ಮೊದಲಿಗಿಂತ ಗಟ್ಟಿಯಾಗಿ ಹಿಡಿದುಕೊಂಡಳು.

“ಹಂಗಾರ ನಾ ಹಚ್ಚಿದ ಹುಲ್ಲು, ಆಯಿ?” ಎನ್ನುತ್ತಾಳೆ ನನ್ನ ಮೊಮ್ಮಗಳು ನೀಲಾಂಬಿಕಾ.

ಮನೆಯ ಮುಂದಿನ ಅವಳ ಹುಲ್ಲುಹಾಸು ಮೂರನೇ ಸಲ ಹಳದಿಯಾಗಿದೆ. ಮಣ್ಣಿನ ಸವಳು ಕಳೆಯಲೆಂದು ಜಿಪ್ಸಮ್ ಬೆರೆಸಿದೆವು, ಗೊಬ್ಬರ ಹಾಕಿದೆವು, ನೀರು ಬಸಿದು ಹೋಗಲಿ ಎಂದು ಕಾಲುವೆ ತೋಡಿದೆವು. ಒಂದೇ ಮಳೆಗೆ ಎರೆಯವ್ವ ಕಾಲುವೆಯನ್ನೂ ಮುಚ್ಚಿಬಿಟ್ಟಳು.

“ಬರೂದಿಲ್ಲ ಬಿಡು, ನನ್ನವ್ವಾ,” ಎನ್ನುತ್ತೇನೆ. ಮಗುವಿನ ಮುಂದೆ ಸುಳ್ಳು ಹೇಳಲು ಬಾಯಿ ಬರುವುದಿಲ್ಲ.

ಅದಕ್ಕೇ ಬೇಸಿಗೆಯಲ್ಲಿ ನಮ್ಮ ಅಂಗಳ ಬಿರುಕು ಬಿಟ್ಟು ಬೆಳ್ಳಗೆ ಉಪ್ಪು ಕಾರುತ್ತದೆ. ಅದಕ್ಕೇ ಮಳೆ ಬಿದ್ದ ಮೇಲೆ ನೀನು ಒಂದು ಹೆಜ್ಜೆ ಇಟ್ಟರೆ ಸಾಕು, ಎರೆಯವ್ವ ನಿನ್ನ ಚಪ್ಪಲಿ ಹಿಡಿದುಕೊಂಡು, ಇವತ್ತೊಂದಿನ ಇರು, ಇವತ್ತೊಂದಿನ ಇರು ಎನ್ನುತ್ತಾಳೆ.